ಹೀರಿಕೊಂಡ ನೀರು

ಒದ್ದೆ ಕಂಬಳಿಯ ವಾಸನೆ ಓಂಕಾರಮೂರ್ತಿಗೆ ಎಂಟನೆಯ ವಯಸ್ಸಿನಿಂದ ಗೊತ್ತು. ತಾಯಿ ತೀರಿಕೊಂಡ ಮೇಲೆ ಅವನನ್ನು ದೊಡ್ಡಮ್ಮನ ಮನೆಗೆ ತಂದು ಬಿಟ್ಟರು. ಪಡಸಾಲೆಯ ಮೂಲೆಯಲ್ಲಿ ಮಲಗಲು ಒಂದು ಕಂಬಳಿ ಕೊಟ್ಟರು. ಜೂನ್ ತಿಂಗಳಲ್ಲಿ ನೆನೆದ ಆ ಕಂಬಳಿ ದಸರೆಯ ತನಕ ಪೂರ್ತಿ ಒಣಗುತ್ತಿರಲಿಲ್ಲ. ಕುರಿ, ಹೊಗೆ, ಬೂಷ್ಟು ಮೂರೂ ಸೇರಿದ ಆ ವಾಸನೆಯನ್ನೇ ಹೊದ್ದುಕೊಂಡು ಅವನು ಬೆಳೆದ. ಒಳಕೋಣೆಯಲ್ಲಿ ದೊಡ್ಡಮ್ಮನ ಮಗ ಮಲ್ಲಿಕಾರ್ಜುನನಿಗೆ ಹತ್ತಿಯ ರಜಾಯಿ ಇತ್ತು. ಈ ತಮ್ಮನಿಗೆ ಜ್ವರ ಬಂದ ದಿನ, ಅವನು ಅಣ್ಣಯ್ಯ ಎಂದು ಕರೆಯುತ್ತಿದ್ದ ಮಲ್ಲಿಕಾರ್ಜುನ ತಾನಾಗಿ ಎದ್ದು ಬಂದು ಆ ರಜಾಯಿಯನ್ನು ಅವನ ಮೇಲೆ ಹೊದಿಸಿ ಹೋಗಿದ್ದ. ಓಂಕಾರಮೂರ್ತಿಗೆ ಅದೂ ನೆನಪಿತ್ತು. ಆದರೆ ಅವನು ಮತ್ತೆ ಮತ್ತೆ ನೆನೆಯುತ್ತಿದ್ದದ್ದು, ಜ್ವರ ಬಿಟ್ಟ ಬೆಳಿಗ್ಗೆ ರಜಾಯಿ ಒಳಕೋಣೆಗೆ ವಾಪಸು ಹೋದದ್ದನ್ನು.

ಮೂವತ್ತೊಂಬತ್ತು ವರ್ಷಗಳ ನಂತರ, ೨೦೦೧ರ ಜನವರಿಯಲ್ಲಿ, ಅದೇ ವಾಸನೆ ಒಂದು ದೋಣಿಯ ಹೊಟ್ಟೆಯಿಂದ ಬಂತು.

ದೋಣಿಯ ಹೆಸರು ತುಂಗಾ. ಹದಿನಾಲ್ಕು ಅಡಿ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿ. ದೊಡ್ಡಪ್ಪ ಅದನ್ನು ಬೆಂಗಳೂರಿನ ಯಾವುದೋ ಕ್ಲಬ್ಬಿನವರಿಂದ ಕೊಂಡು, ಲಾರಿಗೆ ಹೇರಿಸಿ, ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ದಾರಿಯ ಈ ಎಸ್ಟೇಟಿಗೆ ತರಿಸಿದ್ದರು. ತೋಟದ ನಡುವಿನ ದೊಡ್ಡಕೆರೆಯಲ್ಲಿ ಅದು ಏಳೆಂಟು ವರ್ಷ ಓಡಿತು. ದೊಡ್ಡಪ್ಪ ಹೋದ ಮೇಲೆ, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಹದಿನೆಂಟು ಮಳೆಗಾಲ ಅದರೊಳಗೆ ಸುರಿದು ಹೋಗಿದ್ದವು.

ಈಗ ಮಲ್ಲಿಕಾರ್ಜುನನಿಗೆ ಅದು ಬೇಕಾಗಿತ್ತು. ಕೆರೆಯನ್ನೂ ಅದರ ಮೇಲಿನ ಗಾಳಿಕಟ್ಟೆ ಡಿವಿಷನ್ನನ್ನೂ ಒಂದು ರೆಸಾರ್ಟಿನವರಿಗೆ ಕೊಡಲು ಅವನು ಒಪ್ಪಿದ್ದ. ಫೆಬ್ರವರಿ ಕೊನೆಯ ಸೋಮವಾರ ಮೂಡಿಗೆರೆಯಲ್ಲಿ ನೋಂದಣಿ. ಕೆರೆ ಕೈಬಿಡುವ ಮೊದಲು, ಅಪ್ಪ ಓಡಿಸಿದ ದೋಣಿಯನ್ನು ಒಂದೇ ಒಂದು ಸಲ ತಾನೂ ಓಡಿಸಬೇಕು ಎಂಬುದು ಅವನ ಆಸೆ.

ಆ ಗಾಳಿಕಟ್ಟೆಯನ್ನು ತೋಟ ಮಾಡಿದವನು ಓಂಕಾರಮೂರ್ತಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಆದಾಗ ಅಲ್ಲಿ ಇದ್ದದ್ದು ಹುಲ್ಲು ಮತ್ತು ಲಂಟಾನ. ಗಾಳಿಗೆ ಅಡ್ಡವಾಗಿ ಸಿಲ್ವರ್ ಓಕ್ ಎಬ್ಬಿಸಿ, ಗುಂಡಿ ತೋಡಿಸಿ, ಸತ್ತ ಗಿಡದ ಜಾಗಕ್ಕೆ ಮತ್ತೆ ಗಿಡ ಇಟ್ಟು, ಇಳಿಜಾರನ್ನು ಹಸಿರು ಮಾಡಲು ಅವನಿಗೆ ಹನ್ನೆರಡು ವರ್ಷ ಹಿಡಿದಿತ್ತು. ಮದುವೆಯಾಗದೆ ಉಳಿದವನ ಎರಡು ಕೋಣೆಯ ಮನೆಯೂ ಅಲ್ಲೇ. "ಅದು ನಿಂದೇ ಕಣೋ" ಎಂದು ಅಣ್ಣಯ್ಯ ಎಷ್ಟೋ ಸಲ ಹೇಳಿದ್ದ. ಕಾಗದದ ಮೇಲೆ ಮಾತ್ರ ಒಂದು ಸಲವೂ ಹೇಳಿರಲಿಲ್ಲ.

"ನಿಂಗೆ ಬಂಗ್ಲೆ ಪಕ್ಕದ ಮನೆ ರಿಪೇರಿ ಮಾಡಿಸ್ಕೊಡ್ತೀನಿ ಮಾರಾಯ," ಎಂದಿದ್ದ ಮಲ್ಲಿಕಾರ್ಜುನ, ಸುದ್ದಿ ಹೇಳಿದ ದಿನ. "ಅಲ್ಲಿ ಒಬ್ನೇ ಗಾಳೀಲಿ ಕೂತು ಏನ್ ಮಾಡ್ತೀಯ? ಇಲ್ಲಾದ್ರೆ ನಿಮ್ಮತ್ತಿಗೆ ಕೈ ಊಟ, ನಂಜೊತೆ ಜಗಳ, ಎರಡೂ ಪುಕ್ಕಟೆ ಸಿಗ್ತದೆ."

"ಆಗ್ಲಿ ಅಣ್ಣಯ್ಯ, ನೀವು ಹೇಳಿದ ಹಾಗೆ," ಎಂದು ಓಂಕಾರಮೂರ್ತಿ ನಕ್ಕಿದ್ದ. ನಗುವಾಗ ಅವನಿಗೆ ಪಡಸಾಲೆಯ ಮೂಲೆ ಕಂಡಿತ್ತು.

ಅತ್ತಿಗೆ ವಿಶಾಲಾಕ್ಷಮ್ಮನಿಗೆ ಮಾರಾಟ ಇಷ್ಟವಿರಲಿಲ್ಲ. ಮಕ್ಕಳಿಲ್ಲದ ಮನೆ. ಅಣ್ಣಯ್ಯ ಇಲ್ಲವಾದರೆ ಎಲ್ಲವೂ ಅವರಿಗೆ. ಅವರ ಕೈಯಲ್ಲಿದ್ದರೆ ಗಾಳಿಕಟ್ಟೆ ಇದ್ದ ಹಾಗೇ ಇರುತ್ತದೆ. ಇದು ಅವನು ಯೋಚಿಸಿ ಕಂಡುಹಿಡಿದದ್ದಲ್ಲ. ಕೋಣೆಯಲ್ಲಿ ಮೊದಲಿನಿಂದಲೂ ಇದ್ದ ಕುರ್ಚಿಯಂತೆ ಅದು ಅಲ್ಲೇ ಇತ್ತು. ಒಂದು ದಿನ ಅವನು ಅದರ ಮೇಲೆ ಕೂತ, ಅಷ್ಟೆ.

ದೋಣಿ ರಿಪೇರಿಯನ್ನು ಅಣ್ಣಯ್ಯ ಅವನಿಗೇ ವಹಿಸಿದ. ಪಲ್ಪರ್ ಕೆಟ್ಟರೂ ಜೀಪು ಕೆಟ್ಟರೂ ಬಿಚ್ಚಿ ಜೋಡಿಸುವ ಕೈ ಅವನದು. ಗರಗಸದ ಅಲಗಿನಿಂದ ದೋಣಿಯ ಒಳನೆಲವನ್ನು ಕೊಯ್ದು ಎತ್ತಿದಾಗ ಕೆಳಗೆ ತುಂಬಿದ್ದ ಫೋಮು ಕಂಡಿತು. ಹೊಸತಿದ್ದಾಗ ಅದು ಹಳದಿಯಾಗಿ, ಬ್ರೆಡ್ಡಿನಂತೆ ಹಗುರವಾಗಿ ಇರುತ್ತದೆ. ದೋಣಿಯ ತುಂಬ ನೀರು ನುಗ್ಗಿದರೂ ಮುಳುಗದಂತೆ ಎತ್ತಿ ಹಿಡಿಯುವುದು ಅದರೊಳಗಿನ ಗಾಳಿ. ಇದರಲ್ಲಿ ಗಾಳಿ ಉಳಿದಿರಲಿಲ್ಲ. ಮಳೆನೀರನ್ನು ಹೀರಿ ಹೀರಿ ಕಾಫಿ ಚರಟದ ಬಣ್ಣಕ್ಕೆ ತಿರುಗಿತ್ತು. ಬೆರಳಿಂದ ಒತ್ತಿದರೆ ಕಂದು ನೀರು ಒಸರಿತು, ಆ ವಾಸನೆ ಎದ್ದಿತು.

"ಇದೇನ್ ರೈಟ್ರೇ, ದೋಣಿಗೆ ಜಲೋದರ ಬಂದಂಗಿದೆ," ಎಂದ ಮೇಸ್ತ್ರಿ ಗುರುವಯ್ಯ, ಮೂಗಿಗೆ ಟವೆಲು ಕಟ್ಟಿಕೊಳ್ಳುತ್ತ. "ದೊಡ್ಡಾಸ್ಪತ್ರೆಗೇ ಒಯ್ಯೋದು ಒಳ್ಳೇದು."

"ನಾನೇ ಡಾಕ್ಟ್ರು. ನೀನು ಬಕೆಟ್ ಹಿಡಿ."

ಮೂರು ದಿನ ಇಬ್ಬರೂ ಫೋಮನ್ನು ಕೆತ್ತಿ ತೆಗೆದರು. ಇಟ್ಟಿಗೆ ಗಾತ್ರದ ಒಂದು ತುಂಡನ್ನು ಓಂಕಾರಮೂರ್ತಿ ಕಾಫಿ ಒಣಗಿಸುವ ಕಣದಲ್ಲಿ, ಬಿಸಿಲಿಗೆ ಇಟ್ಟ. ದಿನವೂ ಸಂಜೆ ಅದನ್ನು ತಕ್ಕಡಿಗೆ ಹಾಕಿದ. ಕಾಫಿ ಬೆಳೆಯುವವರಿಗೆ ಅದು ಬಿಡದ ಅಭ್ಯಾಸ: ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಬೀಜದ ತೂಕ ಇಳಿಯುತ್ತ ಇಳಿಯುತ್ತ ಎರಡು ದಿನ ಒಂದೇ ಕಡೆ ನಿಂತರೆ, ಒಣಗಿತು ಎಂದು ಅರ್ಥ. ಪಾರ್ಚ್‌ಮೆಂಟ್ ಆಗಿದ್ದರೆ ಎಂಟು ದಿನದ ಬಿಸಿಲಿಗೆ ಗಲಗಲ ಎನ್ನುತ್ತಿತ್ತು. ಫೋಮಿನ ತೂಕ ಮೊದಲ ಎರಡು ದಿನ ಒಂದಿಷ್ಟು ಇಳಿದು ಅಲ್ಲೇ ನಿಂತುಬಿಟ್ಟಿತು. ಕೊಯ್ದು ನೋಡಿದರೆ ಒಳಗೆ ನೀರು ಹಾಗೇ ಇತ್ತು.

ಅಂದು ಅವನು ಯಾವ ನಿರ್ಧಾರವನ್ನೂ ಮಾಡಲಿಲ್ಲ. ತುಂಡನ್ನು ಬಕೆಟ್ಟಿನ ನೀರಿಗೆ ಹಾಕಿದ. ಅದು ಕಲ್ಲಿನಂತೆ ತಳಕ್ಕೆ ಹೋಗಿ ಕೂತಿತು. ಅವನು ಬಹಳ ಹೊತ್ತು ಬಕೆಟ್ಟಿನೊಳಗೆ ನೋಡುತ್ತ ನಿಂತಿದ್ದ.

ಯೋಜನೆಯ ಚೆಲುವು ಅವನಿಗೆ ನಿಧಾನವಾಗಿ ಕಂಡಿತು. ಇದರಲ್ಲಿ ಹೆಚ್ಚಿಗೆ ಏನನ್ನೂ ಮಾಡಬೇಕಾಗಿರಲಿಲ್ಲ. ಮಾಡಬೇಕಾದ ಒಂದು ಕೆಲಸವನ್ನು ಮಾಡದೆ ಬಿಟ್ಟರೆ ಸಾಕು. ವಿಷವೆಂದರೆ ಅಂಗಡಿಯವನು ಬೇಕು, ಕತ್ತಿಯೆಂದರೆ ರಕ್ತ ತೊಳೆಯಬೇಕು. ನೀರು ಹೀರಿದ ಫೋಮಿಗೆ ಸಾಕ್ಷಿಯೇ ಇಲ್ಲ. ಹಳೇ ದೋಣಿಯಲ್ಲಿ ಅದು ಇರುವುದೇ ಹಾಗೆ. ಮಲ್ಲಿಕಾರ್ಜುನನಿಗೆ ಈಜು ಬರುವುದಿಲ್ಲ. ಕೆರೆಯ ನಡುವೆ ಐದಾಳು ಆಳ. ಮೊಣಕಾಲುದ್ದದ ಗಂಬೂಟು, ದಪ್ಪ ಸ್ವೆಟರು ಇಲ್ಲದೆ ಅವನು ಮನೆಯಿಂದ ಹೊರಡುವವನಲ್ಲ.

ಮುಳುಗಿಸಲು ದಾರಿಯೂ ದೋಣಿಯಲ್ಲೇ ಇತ್ತು. ಹಿಂಬದಿಯ ತಳದಲ್ಲಿ, ನೀರು ಬಸಿದು ಹೋಗಲೆಂದು ಹೆಬ್ಬೆರಳು ದಪ್ಪದ ಒಂದು ತೂತು. ಅದಕ್ಕೆ ಹಿತ್ತಾಳೆಯ ತಿರುಪಿನ ಬಿರಡೆ. ಬಿರಡೆಯ ಜಾಗದಲ್ಲಿ ಅವನು ಅಚ್ಚುಬೆಲ್ಲವನ್ನು ಕೆತ್ತಿ ಕೂರಿಸುವುದೆಂದು ತೀರ್ಮಾನಿಸಿದ. ಮೂರು ಬೆಲ್ಲದ ಬಿರಡೆ ಮಾಡಿ, ಮೇಲೆ ತೆಳ್ಳಗೆ ಮೇಣ ಸವರಿ, ತೂತು ಕೊರೆದ ಹಳೇ ಡಬ್ಬದಲ್ಲಿ ಪರೀಕ್ಷೆ ಮಾಡಿದ. ಒಂದು ಮೂವತ್ತೆಂಟು ನಿಮಿಷಕ್ಕೆ ಕರಗಿತು, ಇನ್ನೊಂದು ನಲವತ್ತಕ್ಕೆ, ಮತ್ತೊಂದು ನಲವತ್ತೆರಡಕ್ಕೆ. ಬೆಳಿಗ್ಗೆ ಹನ್ನೊಂದರ ಹೊತ್ತಿನ ಗಾಳಿಗೆ ಕೆರೆಯ ನಡುವೆ ಹೋಗಲು ಕಾಲು ಗಂಟೆ ಸಾಕು. ಬೆಲ್ಲ ನೀರಲ್ಲಿ ನೀರಾಗುತ್ತದೆ. ಹಿತ್ತಾಳೆಯ ಬಿರಡೆಯ ತಿರುಪನ್ನು ಅರದಿಂದ ಸವೆಸಿ ಜೇಬಿನಲ್ಲಿ ಇಟ್ಟುಕೊಂಡ. ದೋಣಿಯನ್ನು ಮೇಲೆತ್ತುವ ದಿನ ಮೆಲ್ಲಗೆ ನೀರಿಗೆ ಬಿಟ್ಟರೆ ಅದು ತಳದ ಕೆಸರಲ್ಲಿ ಸಿಗುತ್ತದೆ. ಸವೆದ ತಿರುಪು, ಕಳಚಿಕೊಂಡಿತು, ಎನ್ನುತ್ತಾರೆ.

ಹೊಸ ಫೋಮಿನ ಸಾಮಾನನ್ನು ಮಲ್ಲಿಕಾರ್ಜುನ ತಾನೇ ಬೆಂಗಳೂರಿಗೆ ಹೋಗಿ ತಂದ. ಎರಡು ದೊಡ್ಡ ಡಬ್ಬ. ಒಂದರಲ್ಲಿ ಕಾಕಂಬಿಯಂಥ ಕಂದು ದ್ರವ, ಇನ್ನೊಂದರಲ್ಲಿ ಹರಳೆಣ್ಣೆಯಂಥ ತಿಳಿ ದ್ರವ. ಜೊತೆಗೆ ಒಂದು ಜೊತೆ ರಬ್ಬರ್ ಕೈಗವಸು, ಒಂದು ಬಾಟಲಿ ಕೊಬ್ಬರಿ ಎಣ್ಣೆ.

"ಫೈಬರ್ ಪುಡಿ ತಾಗಿದ್ರೆ ಮೈಯೆಲ್ಲ ನವೆಯಂತೆ. ಕೆಲ್ಸ ಮುಗಿದ್ಮೇಲೆ ಹಚ್ಕೊ. ನಿನ್ನ ಕೈ ನೋಡು, ಕೆರ್ಕೊಂಡು ಕೆರ್ಕೊಂಡು ಬೆಕ್ಕು ಪರಚಿದಂಗಾಗಿದೆ."

ಓಂಕಾರಮೂರ್ತಿ ಎಣ್ಣೆಯನ್ನು ಕಪಾಟಿನಲ್ಲಿಟ್ಟ. ಕೂಲಿಯವನ ಕೈಗೆ ಎಣ್ಣೆ, ಎಂದುಕೊಂಡ.

ಅಣ್ಣಯ್ಯ ಅತ್ತಿಗೆ ಆಲ್ದೂರಿನ ಮದುವೆಗೆ ಹೋದ ಎರಡು ದಿನ ಅವನಿಗೆ ಸಾಕಾಯಿತು. ಗುರುವಯ್ಯನನ್ನು ಬೇಲಿ ಕೆಲಸಕ್ಕೆ ಅಟ್ಟಿದ. ಕೆತ್ತಿ ತೆಗೆದಿದ್ದ ಹಳೇ ಫೋಮನ್ನು ಕೆರೆನೀರಲ್ಲಿ ಅದ್ದಿ ಅದ್ದಿ ಮತ್ತೆ ದೋಣಿಯ ತಳಕ್ಕೆ ತುರುಕಿದ. ಮೇಲೆ ಒಣ ಪ್ಲೈವುಡ್, ಅದರ ಮೇಲೆ ಫೈಬರ್ ಮ್ಯಾಟು, ಗಟ್ಟಿಯಾಗುವ ಅಂಟಿನಂಥ ರೆಸಿನ್. ಒಂದು ಗುಳ್ಳೆ ಇಲ್ಲದಂತೆ ಬ್ರಷ್ಷಿನಿಂದ ಎಳೆದ. ಇಷ್ಟು ಒಳ್ಳೆಯ ಕೆಲಸವನ್ನು ಅವನು ಯಾವತ್ತೂ ಮಾಡಿರಲಿಲ್ಲ. ಉಳಿದ ಒಂದು ಬುಟ್ಟಿ ಫೋಮಿಗೆ ಹಳೇ ಟಯರು ಸೇರಿಸಿ ಬೆಂಕಿ ಹಾಕಿದ. ಕರೀ ಹೊಗೆ ಕೂಲಿಯವರ ಲೈನ್ ಮನೆಗಳ ತನಕ ಹೋಯಿತು. ಹಳೇ ಫೋಮು ಸುಟ್ಟದ್ದನ್ನು ಇಡೀ ಎಸ್ಟೇಟೇ ಮೂಗು ಮುಚ್ಚಿಕೊಂಡು ನೋಡಿತು.

ಡಬ್ಬಗಳ ಮೇಲಿನ ಇಂಗ್ಲಿಷ್ ಚೀಟಿಯನ್ನು ಅವನು ಎರಡು ಸಲ ಓದಿದ್ದ. ಎರಡನ್ನೂ ಸಮಸಮ ಬೆರೆಸಬೇಕು. ಬೆರೆಸಿದ ನಿಮಿಷದೊಳಗೆ ಮೂವತ್ತು ಪಟ್ಟು ಉಬ್ಬುತ್ತದೆ. ಹಾಗಾದರೆ ಎರಡೂ ಎಲ್ಲಿಯೂ ಸೇರಬಾರದು. ತಿಳಿ ದ್ರವವನ್ನು ಗಾಳಿಕಟ್ಟೆಯ ತುದಿಯ ಒಂದು ಹಳೇ ಬೊಡ್ಡೆಯ ಬುಡಕ್ಕೆ ಸುರಿದ. ಕಂದು ದ್ರವವನ್ನು ಪಲ್ಪರ್ ಮನೆಯ ಹಿಂದಿನ ಇಂಗುಗುಂಡಿಗೆ, ಕಲ್ಲುಚಪ್ಪಡಿಗಳ ಸಂದಿಯಿಂದ ಇಳಿಸಿದ. ಸುಗ್ಗಿಯ ಕಾಲದಲ್ಲಿ ದಿನಕ್ಕೆ ಸಾವಿರಾರು ಲೀಟರ್ ತೊಳೆದ ನೀರು ಹೋಗುವ ಗುಂಡಿ ಅದು. ಏನು ಬಿಟ್ಟರೂ ಮಣ್ಣು ಕುಡಿದುಬಿಡುತ್ತದೆ. ಇಪ್ಪತ್ತೈದು ವರ್ಷದಿಂದ ಅವನು ನೋಡಿದ್ದ. ಈ ವರ್ಷದ ಪಲ್ಪಿಂಗ್ ಮುಗಿದಿತ್ತು. ಇನ್ನು ನವೆಂಬರ್ ತನಕ ಆ ಕಡೆ ಯಾರಿಗೂ ಕೆಲಸವಿಲ್ಲ. ಖಾಲಿ ಡಬ್ಬಗಳನ್ನು ಅಣ್ಣಯ್ಯನ ಕಣ್ಣಿಗೆ ಬೀಳುವಂತೆ ಆಫೀಸಿನ ಬಾಗಿಲಲ್ಲಿ ಇಟ್ಟ.

ಕೊನೆಯದಾಗಿ, ಅವರು ಮದುವೆಯಿಂದ ಬಂದ ಮೇಲೆ ಒಂದು ದಿನ ಊಟದ ಹೊತ್ತಿಗೆ ಬಂಗಲೆಗೆ ಹೋಗಿ, ಅತ್ತಿಗೆಗೆ ಕೇಳುವಂತೆ ಹೇಳಿದ: "ಅಣ್ಣಯ್ಯ, ಸೊಂಟಕ್ಕೆ ಒಂದು ಟ್ಯೂಬಾದ್ರೂ ಕಟ್ಕೊಳ್ಳಿ. ನಿಮಗೆ ಈಜು ಬರಲ್ಲ."

"ಟ್ಯೂಬ್ ಕಟ್ಕೊಂಡು ಹಾಯಿದೋಣಿ ಓಡ್ಸೋದಾ? ನಮ್ಮಪ್ಪ ಸ್ವರ್ಗದಲ್ಲಿ ಕೂತು ನಗ್ತಾರೆ ಕಣೋ."

"ನೋಡಿ ಅತ್ತಿಗೆ, ನಾನಂತೂ ಹೇಳಿದೀನಿ."

"ನಿನ್ನ ಮಾತಾದ್ರೂ ಕೇಳ್ತಾರೆ ಅಂದ್ಕೊಂಡಿದ್ದೆ," ಎಂದರು ವಿಶಾಲಾಕ್ಷಮ್ಮ, ಅವನ ತಟ್ಟೆಗೆ ಇನ್ನೊಂದು ಅಕ್ಕಿರೊಟ್ಟಿ ಹಾಕುತ್ತ.

ನೋಂದಣಿಗೆ ಐದು ದಿನ ಮೊದಲು, ಬುಧವಾರ ಬೆಳಿಗ್ಗೆ, ಎಂಟು ಜನ ಸೇರಿ ತುಂಗಾ ದೋಣಿಯನ್ನು ಕೆರೆಯ ಕಟ್ಟೆಗೆ ಹೊತ್ತರು.

"ನೀರು ತೆಗೆದ್ಮೇಲೂ ಈಪಾಟಿ ಭಾರ ಇದೆಯಲ್ಲ ರೈಟ್ರೇ," ಎಂದ ಗುರುವಯ್ಯ ಏದುಸಿರು ಬಿಡುತ್ತ. "ಬಾಣಂತನ ಚೆನ್ನಾಗಿ ಮಾಡಿದೀರಿ, ತೂಕ ಬಂದಿದೆ."

"ಹೊಸ ಪ್ಲೈವುಡ್ಡು, ಮೂರು ಸುತ್ತು ರೆಸಿನ್ನು. ಭಾರ ಇರದೆ ಏನು?" ಉತ್ತರ ವಾರದಿಂದ ಸಿದ್ಧವಿತ್ತು.

ಬೆಲ್ಲದ ಬಿರಡೆ ಅದರ ಜಾಗದಲ್ಲಿತ್ತು. ಅಣ್ಣಯ್ಯ ಅತ್ತಿಗೆ ದೂರದ ತಿರುವಿನಲ್ಲಿ ಕಾಣಿಸಿದ ಕೂಡಲೇ ಅವನು ದೋಣಿಯನ್ನು ನೀರಿಗೆ ತಳ್ಳಿಸಿದ. ಗಡಿಯಾರ ನೋಡಿಕೊಂಡ: ಹತ್ತು ಮುಕ್ಕಾಲು. ಗುರುವಯ್ಯನೊಬ್ಬನನ್ನು ಬಿಟ್ಟು ಉಳಿದವರನ್ನು ಕೆಲಸಕ್ಕೆ ಕಳಿಸಿ, ಮೊಣಕಾಲಿನ ತನಕ ಕೆಸರಲ್ಲಿ ಇಳಿದು, ಹಗ್ಗ ಹಿಡಿದು ನಿಂತ. ಅಲ್ಲಿಂದ ಎರಡು ಹೆಜ್ಜೆ ಆಚೆಗೆ ಕೆರೆ ತಟ್ಟನೆ ಆಳ. ಗಾಳಿ ಹದವಾಗಿತ್ತು.

ಮಲ್ಲಿಕಾರ್ಜುನ ಬಂದವನೇ ದೋಣಿಯ ಬಣ್ಣವನ್ನು ನೋಡಿದ, ಹೆಸರನ್ನು ನೋಡಿದ. ಕಣ್ಣು ಒರೆಸಿಕೊಂಡ. ಆಮೇಲೆ ತಮ್ಮನ ಕಾಲಿನ ಕಡೆಗೆ ನೋಡಿದ.

"ಬೆಳಿಗ್ಗೆಯಿಂದ ಹೀಗೇ ಕೆಸರಲ್ಲಿ ನಿಂತಿದೀಯೇನೋ? ಗುರುವಯ್ಯ, ಪಲ್ಪರ್ ಗುಂಡಿ ಮೇಲಿನ ಒಂದು ಚಪ್ಪಡಿ ತಂದು ಹಾಕು. ಇವ್ನು ಅದರ ಮೇಲೆ ನಿಂತ್ಕೊಳ್ಲಿ."

"ಬೇಡ ಅಣ್ಣಯ್ಯ, ಹೊತ್ತಾಗ್ತದೆ. ಗಾಳಿ ಇದ್ದಾಗಲೇ ಹತ್ತಿ."

"ಐದ್ ನಿಮಿಷ ಮಾರಾಯ. ಹದಿನೆಂಟು ವರ್ಷ ಕಾದ ದೋಣಿ ಐದು ನಿಮಿಷ ಕಾಯಲ್ವಾ?"

ಓಂಕಾರಮೂರ್ತಿ ಲೆಕ್ಕ ಹಾಕಿದ. ಐದಲ್ಲ, ಹತ್ತಾದರೂ ಅಡ್ಡಿಯಿಲ್ಲ. ಗುಂಡಿಗೆ ಸುರಿದು ಆರು ದಿನವಾಗಿತ್ತು; ಅಲ್ಲಿ ಮಣ್ಣು ಬಿಟ್ಟು ಕಾಣುವುದೇನೂ ಇರಲಾರದು.

ಗುರುವಯ್ಯ ಚಪ್ಪಡಿ ಇಲ್ಲದೆ ವಾಪಸು ಬಂದ. "ಧಣೀ, ನೀವೇ ಒಂದ್ಸಲ ಬಂದು ನೋಡ್ಬೇಕು," ಎಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಹಾವಿರಬೇಕು, ಎಂದುಕೊಂಡ ಓಂಕಾರಮೂರ್ತಿ. ಮಲ್ಲಿಕಾರ್ಜುನ ಅವನ ಹಿಂದೆ ಹೋದ.

ಹನ್ನೊಂದು ಐದು. ಹನ್ನೊಂದು ಹದಿನೈದು. ಅಣ್ಣಯ್ಯ ಬರಲಿಲ್ಲ. ದೋಣಿಯನ್ನು ಮೇಲೆ ಎಳೆಯಲು ಎಂಟು ಜನ ಬೇಕು. ಜೇಬಿನ ಬಿರಡೆಯನ್ನು ತಿರುಗಿಸಲು ನೀರಿನೊಳಗೆ ಇಳಿದು ದೋಣಿಯ ಅಡಿಗೆ ಕೈ ಹಾಕಬೇಕು, ಅತ್ತಿಗೆ ನೋಡುತ್ತಿರುವಾಗ. ಅವರು ಮರದ ಬುಡದಲ್ಲಿ ಬುತ್ತಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

"ಬಿಸಿಲಲ್ಲಿ ಯಾಕೆ ನಿಂತಿದೀಯ? ಹಗ್ಗನ ಬೇರಿಗೆ ಕಟ್ಟಿ ಬಾರೋ ನೆರಳಿಗೆ."

ಅವನು ಕಟ್ಟಿ ಬಂದ. ಹನ್ನೊಂದೂವರೆಗೆ ದೋಣಿಯ ಹಿಂಬದಿ ಒಂದು ಗೇಣು ಇಳಿಯಿತು. ಅವನು ರೆಸಿನ್ ಎಳೆದ ನುಣ್ಣನೆಯ ನೆಲದ ಮೇಲೆ ನೀರು ಹೊಳೆಯಿತು. ಶಬ್ದವೇ ಇಲ್ಲ. ಕೂರಲು ಜಾಗ ಹುಡುಕುವ ಎಮ್ಮೆಯಂತೆ ದೋಣಿ ಒಮ್ಮೆ ಆಚೆ, ಒಮ್ಮೆ ಈಚೆ ವಾಲಿತು, ಆಮೇಲೆ ಹಿಂಭಾಗ ಕೆಳಗಾಗಿ ಕೆರೆಯೊಳಗೆ ಇಳಿದೇ ಹೋಯಿತು. ಹಗ್ಗ ಬಿಗಿಯಿತು. ಹಾಯಿಕಂಬದ ತುದಿ ಒಂದಡಿ ಮಾತ್ರ ಹೊರಗೆ ಉಳಿಯಿತು.

"ಬಿರಡೆ ಸಡಿಲಾಗಿರ್ಬೇಕು ಅತ್ತಿಗೆ," ಎಂದ. ದನಿ ನಡುಗಲಿಲ್ಲ, ಅದಕ್ಕೆ ಅವನಿಗೇ ಮೆಚ್ಚುಗೆಯಾಯಿತು. ಏನೂ ಕೆಟ್ಟಿಲ್ಲ. ಎತ್ತಿಸಿ ಒಣಗಿಸಬಹುದು. ಸೋಮವಾರಕ್ಕೆ ಇನ್ನೂ ಐದು ದಿನ ಇದೆ.

ವಿಶಾಲಾಕ್ಷಮ್ಮ ನೀರನ್ನೇ ನೋಡುತ್ತಿದ್ದರು. "ನೀರು ತುಂಬಿದ್ರೂ ಇದು ಮುಳುಗಲ್ಲ, ಓಂಕಾರ ಹೊಸ ಫೋಮು ತುಂಬಿದಾನೆ ಅಂದಿದ್ರು ನಿಮ್ಮಣ್ಣಯ್ಯ," ಎಂದರು ಮೆಲ್ಲಗೆ. "ಅದಕ್ಕೇ ನಾನು ಹೂಂ ಅಂದಿದ್ದು."

ಮಲ್ಲಿಕಾರ್ಜುನ ಆಫೀಸಿನ ಕಡೆಯ ದಾರಿಯಿಂದ ಬಂದ. ಅವನ ಒಂದು ಕೈಯಲ್ಲಿ ಕಂದು ದ್ರವದ ಖಾಲಿ ಡಬ್ಬ. ಇನ್ನೊಂದು ಕೈಯಲ್ಲಿ ಕುಂಬಳಕಾಯಿ ಗಾತ್ರದ, ಹುತ್ತದ ತುಣುಕಿನಂಥ, ಹಳದಿ ಕಂದು ಬಣ್ಣದ ಒಂದು ಗಡ್ಡೆ. ನೀರಿನ ಮೇಲಿನ ಒಂದಡಿ ಕಂಬವನ್ನು ನೋಡಿದ. ಹೆಂಡತಿಯ ಪಕ್ಕದಲ್ಲಿ ಕೂತು, ಡಬ್ಬವನ್ನು ತಮ್ಮನ ಕಡೆಗೆ ತಿರುಗಿಸಿ, ಚೀಟಿಯ ಕೆಳತುದಿಯ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟ. ತೇವ ತಾಗದಂತೆ ಇಡಿ. ಗೊಬ್ಬರದ ಮೂಟೆ, ಸಿಮೆಂಟು, ಬೀಜದ ಚೀಲ, ಈ ಬೆಟ್ಟಕ್ಕೆ ಬರುವ ಎಲ್ಲದರ ಮೇಲೂ ಇರುವ ಮಾತು. ಇಲ್ಲಿ ಯಾರೂ ಅದನ್ನು ಓದುವುದಿಲ್ಲ, ಓಂಕಾರಮೂರ್ತಿಯ ಕಣ್ಣೂ ಎರಡು ಸಲವೂ ಅದನ್ನು ದಾಟಿ ಹೋಗಿತ್ತು. ಕಂದು ದ್ರವಕ್ಕೆ ತಿಳಿ ದ್ರವವೇ ಬೇಕಾಗಿರಲಿಲ್ಲ, ಬರೀ ನೀರು ಸಿಕ್ಕರೂ ಅದು ಉಬ್ಬುತ್ತಿತ್ತು. ಇಂಗುಗುಂಡಿಯ ತಳದಲ್ಲಿ ಜನವರಿಯ ನೀರು ಇನ್ನೂ ಮೊಣಕಾಲುದ್ದ ನಿಂತಿತ್ತು. "ದೋಣೀಲಿ ಇರ್ಬೇಕಾದ್ದು ಗುಂಡಿ ಚಪ್ಪಡಿನೆಲ್ಲ ಎತ್ಕೊಂಡು ಮೇಲೆ ಬಂದಿದೆ ಕಣೋ," ಎಂದ ಮಲ್ಲಿಕಾರ್ಜುನ. ಗಡ್ಡೆಯನ್ನು ತಮ್ಮನ ಕಾಲ ಬಳಿ ಇಟ್ಟ. "ಮೂಡಿಗೆರೆ ಸ್ಟೇಷನ್ನಿಗೆ ಫೋನ್ ಮಾಡಿದೀನಿ. ಜೀಪು ಬರೋಕೆ ಒಂದು ಗಂಟೆ ಆಗ್ತದೆ." ವಿಶಾಲಾಕ್ಷಮ್ಮ ಬುಟ್ಟಿಯ ಬಟ್ಟೆ ಸರಿಸಿ, ಬಾಳೆಲೆಯಲ್ಲಿ ಕಟ್ಟಿದ್ದ ಮೊದಲ ಬುತ್ತಿಯನ್ನು ತೆಗೆದು, ಎರಡೂ ಕೈಯಿಂದ ಓಂಕಾರಮೂರ್ತಿಯ ಮುಂದೆ ಹಿಡಿದರು.